ಗೇರ್ ಬಾಕ್ಸ್ ಬಿಚ್ಚೋಕೆ ಮುಂಚೆ

ನಮ್ಮ ಹಾಸನ ಜಿಲ್ಲೆಯಲ್ಲಿ ಈಗ ಯಾವ ತಿಂಗಳು ನಡೀತಿದೆ ಅಂತ ತಿಳಿಯೋಕೆ ಕ್ಯಾಲೆಂಡರ್ ಬೇಕಾಗಿಲ್ಲ. ಎದುರಿಗೆ ಬರೋ ಪಿಕಪ್‌ಗಳಲ್ಲಿ ಏನು ಲೋಡ್ ಇದೆ ಅಂತ ನೋಡಿದ್ರೆ ಸಾಕು. ಬಿತ್ತನೆ ಆಲೂಗಡ್ಡೆ ಮೂಟೆ ಹೊತ್ತು ಎಪಿಎಂಸಿಯಿಂದ ಹೊರಟಿದ್ರೆ ಮುಂಗಾರಿಗೆ ಮುಂಚೆ. ಆ ಬೀಜ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಬಂದು ಇಲ್ಲಿಂದ ಊರೂರಿಗೆ ಹೋಗುತ್ತೆ. ಅದೇ ಆಲೂಗಡ್ಡೆ ಮಣ್ಣು ಮೆತ್ತಿಕೊಂಡು ವಾಪಸ್ ಬರ್ತಿದ್ರೆ ಆಗಸ್ಟ್, ಸೆಪ್ಟೆಂಬರ್. ಅರಕಲಗೂಡು ಕಡೆಯಿಂದ ಗೋಣಿ ಸುತ್ತಿದ ತಂಬಾಕಿನ ಬೇಲು ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೊರಟವು ಅಂದ್ರೆ ದಸರಾ ಕಳೀತು ಅಂತ. ಚನ್ನರಾಯಪಟ್ಟಣದ ತೆಂಗಿನಕಾಯಿಗೆ ಕಾಲ ಇಲ್ಲ, ವರ್ಷವಿಡೀ ಓಡ್ತಾ ಇರುತ್ತೆ. ಮಧ್ಯೆ ಮದುವೆ ಶಾಮಿಯಾನ, ಗಣಪತಿ, ಶುಂಠಿ, ಹುಲ್ಲು, ಎತ್ತು. ಆರ್‌ಸಿ ಕಾರ್ಡಿನಲ್ಲಿ ಬರೆದಿರೋ ತೂಕಕ್ಕೂ ಹಿಂದೆ ಏರಿಸೋ ತೂಕಕ್ಕೂ ಯಾವ ಸಂಬಂಧವೂ ಇಲ್ಲ ಅನ್ನೋದು ಎಲ್ಲರಿಗೂ ಗೊತ್ತಿರೋ ವಿಚಾರ.

ಇಷ್ಟೆಲ್ಲ ಭಾರ ಕೊನೆಗೆ ಹೋಗಿ ಕೂರೋದು ಒಂದು ಕ್ಲಚ್ ಪ್ಲೇಟು, ಒಂದು ಗೇರ್ ಬಾಕ್ಸು, ಒಂದು ಪ್ರೊಪೆಲ್ಲರ್ ಶಾಫ್ಟಿನ ಮೇಲೆ. ಆ ಮೂರರ ಬಗ್ಗೆ ಬರೀತೀನಿ. ಸಿಎಸ್‌ನವರು, ಇಸಿಯವರು ಈಗಲೇ ಟ್ಯಾಬ್ ಮುಚ್ಚಬೇಡಿ. ಇದು ಡಿಬಗ್ಗಿಂಗ್ ಕಥೆಯೇ, ಕೋಡ್ ಇಲ್ಲ ಅಷ್ಟೇ.

ನನ್ನ ಮಾವನ ಹತ್ತಿರ ಒಂದು ಪಿಕಪ್ ಇದೆ. 2009ರ ಮಾಡೆಲ್, ಕೆಎ-13. ಅವರು ಎರಡನೇ ಓನರ್. ಕಂಪನಿ ಹೆಸರು ಬರೆಯಲ್ಲ. ಇಷ್ಟು ವರ್ಷ ಇಷ್ಟು ಭಾರ ಹೊತ್ತ ಗಾಡಿ ಯಾವ ಕಂಪನಿಯದ್ದಾದ್ರೂ ಹೀಗೇ ಆಗ್ತಿತ್ತು. ಮಾವನ ಊರು ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವೆ. ನಾಲ್ಕನೇ ಸೆಮ್ ಪರೀಕ್ಷೆ ಮುಗಿಸಿ ನಾನು ಅಲ್ಲಿಗೆ ಹೋದಾಗ ಆಲೂಗಡ್ಡೆ ಕೀಳೋ ಸಮಯ. ಗಾಡಿ ಮನೆ ಮುಂದೆ ನಿಂತಿತ್ತು. ಆ ಸಮಯದಲ್ಲಿ ಬಾಡಿಗೆ ಪಿಕಪ್ ಮನೆ ಮುಂದೆ ನಿಂತಿದೆ ಅಂದ್ರೆ ಮನೇಲಿ ಯಾರಿಗೋ ಹುಷಾರಿಲ್ಲ, ಇಲ್ಲಾ ಗಾಡಿಗೇ ಹುಷಾರಿಲ್ಲ.

"ಗೇರ್ ಬೀಳಲ್ಲ ಕಣ್ಲಾ. ಲೋಡಲ್ಲಿ ಎತ್ತುವಾಗ ಗಡಗಡ ಅಂತ ನಡುಗ್ತದೆ. ಸೆಕೆಂಡಿಗೆ ಹಾಕಿದ್ರೆ ಕರ್ರ್ ಅಂತದೆ. ಗೇರ್ ಬಾಕ್ಸ್ ಹೋಯ್ತು" ಅಂದ್ರು ಮಾವ. ಹಾಸನದ ಒಂದು ಗ್ಯಾರೇಜಿನಲ್ಲಿ ತೋರಿಸಿದ್ರಂತೆ. ಅವರು ಒಂದು ರೌಂಡ್ ಓಡಿಸಿ, ಗೇರ್ ಬಾಕ್ಸ್ ಇಳಿಸಿ ಪೂರ್ತಿ ಸೆಟ್ ಹಾಕಬೇಕು, ಜೊತೆಗೆ ಕ್ಲಚ್ಚು, 45,000 ಆಗುತ್ತೆ, ಎಂಟು ದಿನ ಬೇಕು ಅಂದಿದ್ರು. ಚನ್ನರಾಯಪಟ್ಟಣದ ಒಬ್ಬ ಬ್ರೋಕರ್ ಇರೋ ಸ್ಥಿತಿಯಲ್ಲೇ ಗಾಡಿ ಕೊಟ್ರೆ 1,40,000 ಕೊಡ್ತೀನಿ ಅಂದಿದ್ದ. ಮಾವ ಲೆಕ್ಕ ಹಾಕಿ ಆಗಿತ್ತು. ರಿಪೇರಿ ಮಾಡ್ಸಿದ್ರೆ ಎಂಟು ದಿನದ ಬಾಡಿಗೆ ಹೋಯ್ತು. ಹೋಗಿದ್ದು ಆ ಎಂಟು ದಿನದ್ದು ಮಾತ್ರ ಅಲ್ಲ. ಈ ಸೀಸನ್‌ನಲ್ಲಿ ಒಬ್ಬ ರೈತ ಒಂದ್ಸಲ ಬೇರೆ ಗಾಡಿ ಕರೆದ್ರೆ ಮುಂದಿನ ವರ್ಷವೂ ಅದನ್ನೇ ಕರೀತಾನೆ. ಮಾರಿದ್ರೆ ಸೊಸೈಟಿ ಸಾಲ ತೀರುತ್ತೆ, ಬೆಂಗಳೂರಲ್ಲಿ ಕಂಪನಿ ಕ್ಯಾಬ್ ಓಡಿಸೋಕೆ ಪರಿಚಯದ ಹುಡುಗ ಕರೀತಿದ್ದಾನೆ, ನಾಲ್ಕು ಜನರ ಜೊತೆ ರೂಮು, ತಿಂಗಳಿಗೆ 22,000.

ಅತ್ತೆ ಇದರ ಬಗ್ಗೆ ಏನೂ ಮಾತಾಡಿರಲಿಲ್ಲ. ಹಾಲು ಹಾಕೋಕೆ ಡೈರಿಗೆ ಹೋಗುವಾಗ ನನ್ನನ್ನ ಜೊತೆಗೆ ಕರ್ಕೊಂಡು ಹೋಗಿ, "ಮಾರೋದಾದ್ರೆ ಮಾರ್ಲಿ ಕಣಪ್ಪ. ಆದ್ರೆ ಏನಾಗೈತೆ ಅಂತ ಗೊತ್ತಾಗ್ದೆ ಮಾರೋದು ಬೇಡ ಅನ್ನು. ನೀನು ಅದನ್ನೇ ಓದ್ತಿರೋದು ಅಲ್ವಾ?" ಅಂದ್ರು.

ಅದನ್ನೇ ಓದ್ತಿರೋದು ನಿಜ. ಆದ್ರೆ ನಮ್ಮ ಲ್ಯಾಬಿನಲ್ಲಿರೋ ಗೇರ್ ಬಾಕ್ಸು ಅರ್ಧ ಕತ್ತರಿಸಿ ಕೆಂಪು ಹಳದಿ ಬಣ್ಣ ಬಳಿದದ್ದು. ಅದು ಯಾವತ್ತೂ ಕೆಟ್ಟಿಲ್ಲ. ಕೆಟ್ಟದ್ದನ್ನ ಹುಡುಕೋದು ಹೇಗೆ ಅಂತ ನಾನು ನೋಡಿದ್ದು ಹೊಳೆನರಸೀಪುರದ ಹೊರಗೆ, ಬೋರ್ಡೇ ಇಲ್ಲದ ಒಂದು ಶೆಡ್ಡಿನಲ್ಲಿ. ಅಲ್ಲಿನ ಮೇಸ್ತ್ರಿಗೆ ಅರವತ್ತು ದಾಟಿದೆ, ಮೊದಲು ಲಾರಿ ಕೆಲಸ ಮಾಡ್ತಿದ್ದವರು. ಈಗ ಬೆನ್ನು ನೋವು, ದಿನಕ್ಕೆ ಒಂದೋ ಎರಡೋ ಗಾಡಿ ಮಾತ್ರ ಮುಟ್ಟೋದು. ನಾನು ಇಂಜಿನಿಯರಿಂಗ್ ಅಂತ ಮಾವ ಹೇಳಿದ ತಕ್ಷಣ, "ಹಂಗಾದ್ರೆ ಇಂಜಿನಿಯರ್ ಸಾಹೇಬ್ರು ಗಾಡಿ ಕೆಳಗೆ ಮಲಗ್ಲಿ, ನಾನು ಸ್ಟೂಲ್ ಮೇಲೆ ಕೂತ್ಕೊತೀನಿ" ಅಂದ್ರು. ಹಾಗೇ ಆಯ್ತು.

ಅವರು ಮೊದಲು ಮಾಡಿದ್ದು ಸ್ಪ್ಯಾನರ್ ಹಿಡಿಯೋದಲ್ಲ, ಮಾವನ ಮೂರು ದೂರುಗಳನ್ನ ಬೇರೆ ಬೇರೆ ಮಾಡೋದು. ಗೇರ್ ಬೀಳದೇ ಇರೋದು ಯಾವಾಗ? ಬೆಳಗ್ಗೆನಾ, ಬಿಸಿ ಆದ ಮೇಲಾ? ಎಲ್ಲಾ ಗೇರಾ, ಒಂದೇನಾ? ನಡುಕ ಖಾಲಿ ಇದ್ದಾಗಲೂ ಇದೆಯಾ? ಮಾವ "ಎಲ್ಲಾ ಒಂದೇ ಕಾಯಿಲೆ ಮೇಸ್ತ್ರಿ" ಅಂದ್ರೆ, "ಹದಿನೈದು ವರ್ಷದ ಗಾಡಿಗೆ ಒಂದೇ ಕಾಯಿಲೆ ಇರ್ಬೇಕಾದ್ರೆ ಪುಣ್ಯ ಮಾಡಿರ್ಬೇಕು" ಅಂದ್ರು.

ಮೊದಲನೇ ಪರೀಕ್ಷೆ ಅರ್ಧ ನಿಮಿಷದ್ದು. ಇಂಜಿನ್ ಆಫ್ ಮಾಡಿ ಕ್ಲಚ್ ಒತ್ತಿ ಒಂದೊಂದೇ ಗೇರ್ ಹಾಕೋದು. ಒಂದರಿಂದ ಐದರವರೆಗೆ, ರಿವರ್ಸೂ ಸೇರಿ, ಎಲ್ಲಾ ಬೆಣ್ಣೆ ಹಾಗೆ ಬಿದ್ದವು. ಇಂಜಿನ್ ಸ್ಟಾರ್ಟ್ ಮಾಡಿದ್ರೆ ಅದೇ ಗೇರು ಬೀಳಲ್ಲ. ಇದರ ಅರ್ಥ ಏನು ಅಂತ ಒಂದು ನಿಮಿಷ ಯೋಚಿಸಿ. ಗೇರ್ ಲಿವರ್, ರಾಡು, ಸೆಲೆಕ್ಟರ್ ಫೋರ್ಕು ಕೆಟ್ಟಿದ್ರೆ ಇಂಜಿನ್ ಆಫ್ ಇದ್ರೂ ತೊಂದರೆ ಕೊಡಬೇಕು. ಇಂಜಿನ್ ತಿರುಗ್ತಿರುವಾಗ ಮಾತ್ರ ಬೀಳಲ್ಲ ಅಂದ್ರೆ, ನಾವು ಪೆಡಲ್ ಒತ್ತಿದ್ರೂ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಪೂರ್ತಿ ನಿಲ್ತಿಲ್ಲ ಅಂತ. ಅಂದ್ರೆ ಕ್ಲಚ್ ಪೂರ್ತಿ ಬಿಡ್ತಿಲ್ಲ. ದೂರು ಗೇರ್ ಬಾಕ್ಸಿನ ಮೇಲೆ, ತಪ್ಪು ಅದರ ಮುಂದಿನ ಮನೆಯವನದ್ದು.

ಇದನ್ನ ಖಚಿತ ಮಾಡ್ಕೊಳ್ಳೋಕೆ ಎರಡನೇ ಪರೀಕ್ಷೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಿಸಿ, ಕ್ಲಚ್ ಪೂರ್ತಿ ಒತ್ತಿ, ಮನಸ್ಸಲ್ಲೇ ಹತ್ತು ಎಣಿಸಿ, ಆಮೇಲೆ ರಿವರ್ಸ್ ಹಾಕೋದು. ರಿವರ್ಸೇ ಯಾಕೆ? ಇಂಥ ಹಳೇ ಗೇರ್ ಬಾಕ್ಸುಗಳಲ್ಲಿ ರಿವರ್ಸಿಗೆ ಸಾಮಾನ್ಯವಾಗಿ ಸಿಂಕ್ರೋಮೆಶ್ ಇರಲ್ಲ. ಹಾಗಾಗಿ ಅದು ಸುಳ್ಳು ಹೇಳಲ್ಲ. ಹತ್ತು ಎಣಿಸೋದ್ರೊಳಗೆ ಇನ್‌ಪುಟ್ ಶಾಫ್ಟ್ ತಾನಾಗಿ ನಿಂತಿರಬೇಕು, ಗೇರ್ ಸದ್ದಿಲ್ಲದೆ ಬೀಳಬೇಕು. ಇಲ್ಲಿ ಕರ್ರ್ ಅಂತು. ಮೇಸ್ತ್ರಿ ಹೇಳಿದ್ರು, ಈಗ ಪೆಡಲನ್ನ ಬೇಗ ಬೇಗ ಮೂರು ಸಲ ಒತ್ತಿ ಬಿಟ್ಟು ಒತ್ತಿ ಹಾಕು ಅಂತ. ಬಿತ್ತು!

ಪಂಪ್ ಮಾಡಿದ್ರೆ ಸರಿಯಾಗೋ ಕಾಯಿಲೆ ಪ್ಲೇಟಿನದ್ದಲ್ಲ, ಹೈಡ್ರಾಲಿಕ್ಸಿನದ್ದು. ನಾನು ಕೆಳಗೆ ಮಲಗಿ ನೋಡಿದ್ರೆ ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿ ಒದ್ದೆ, ಅದರ ಕೆಳಗೆ ಬೆಲ್ ಹೌಸಿಂಗ್ ಮೇಲೆ ಧೂಳು ಅಂಟಿ ಕಪ್ಪಗೆ ಪಾಚಿ ಕಟ್ಟಿದ ಹಾಗೆ. ಪಾಸ್ಕಲ್ ನಿಯಮ ಪಿಯುಸಿಯಲ್ಲೇ ಓದಿದ್ದೀವಿ. ಕಾಲಿನ ಒತ್ತಡ ದ್ರವದ ಮೂಲಕ ಹೋಗಿ ಸ್ಲೇವ್ ಸಿಲಿಂಡರಿನ ರಾಡನ್ನ ತಳ್ಳುತ್ತೆ, ಅದು ಫೋರ್ಕನ್ನ, ಫೋರ್ಕು ರಿಲೀಸ್ ಬೇರಿಂಗನ್ನ. ಇಷ್ಟೆಲ್ಲ ಆಗಿ ಕೊನೆಗೆ ಪ್ಲೇಟಿಗೆ ಸಿಗೋ ಬಿಡುವು ಮಿಲಿಮೀಟರಿನ ಒಂದು ಭಾಗ ಅಷ್ಟೇ. ದ್ರವ ಸ್ವಲ್ಪ ಸೋರಿ ಗಾಳಿ ಸೇರಿದ್ರೆ ಆ ಬಿಡುವು ಮಾಯ. ಗಾಳಿ ಕುಗ್ಗುತ್ತೆ, ದ್ರವದ ಹಾಗೆ ತಳ್ಳಲ್ಲ. "ಹದಿನೈದು ದಿನಕ್ಕೊಂದ್ಸಲ ಡಬ್ಬಿಗೆ ಆಯಿಲ್ ಹಾಕ್ತಾನೆ ಇದ್ದೀನಲ್ಲ" ಅಂದ್ರು ಮಾವ. ಮೇಸ್ತ್ರಿ ನನ್ನ ಮುಖ ನೋಡಿ ನಕ್ಕರು. ಹಾಕಿದ ಆಯಿಲ್ ಎಲ್ಲಿಗೆ ಹೋಗ್ತಿದೆ ಅಂತ ಯಾರೂ ಕೇಳಿರಲಿಲ್ಲ, ಆ 45,000ದ ಗ್ಯಾರೇಜಿನವರೂ ಸೇರಿ.

ಇಷ್ಟು ಆದ ಮೇಲೆ ಕ್ಲಚ್ ಜಾರ್ತಿದೆಯಾ ಅಂತಲೂ ನೋಡಿದ್ವಿ. ಹ್ಯಾಂಡ್ ಬ್ರೇಕ್ ಎಳೆದು, ಮುಂದೆ ಕಲ್ಲು ಕೊಟ್ಟು, ನಾಲ್ಕನೇ ಗೇರ್ ಹಾಕಿ ನಿಧಾನಕ್ಕೆ ಕ್ಲಚ್ ಬಿಟ್ರೆ ಇಂಜಿನ್ ಒದ್ದಾಡಿ ನಿಲ್ಲಬೇಕು. ನಿಲ್ಲದೆ ಓಡ್ತಾನೇ ಇದ್ರೆ ಪ್ಲೇಟ್ ಸವೆದಿದೆ ಅಂತ. ನಮ್ಮದು ನಿಂತಿತು. ಪ್ಲೇಟಿಗೆ ಇನ್ನೂ ಆಯಸ್ಸಿದೆ. ಇನ್ನೊಂದು ಸಣ್ಣ ಪರೀಕ್ಷೆ ಎಲ್ಲರೂ ನೆನಪಿಟ್ಕೊಳ್ಳಬಹುದು, ನಿಮ್ಮ ಮನೆ ಕಾರಿಗೂ ಬರುತ್ತೆ: ನ್ಯೂಟ್ರಲ್‌ನಲ್ಲಿ ನಿಂತಿರುವಾಗ ಬರೋ ಗುಯ್ಯ್ ಶಬ್ದ ಕ್ಲಚ್ ಒತ್ತಿದ್ರೆ ಹೋದ್ರೆ ಅದು ಗೇರ್ ಬಾಕ್ಸಿನೊಳಗಿನ ಬೇರಿಂಗ್, ಒತ್ತಿದ ಮೇಲೇ ಶುರುವಾದ್ರೆ ರಿಲೀಸ್ ಬೇರಿಂಗ್.

ಎರಡನೇ ದೂರು ನಡುಕ. ಇದಕ್ಕೆ ರೋಡಿಗೆ ಇಳಿಯಲೇಬೇಕಿತ್ತು. ಮಾವ ಡ್ರೈವಿಂಗ್, ಮಧ್ಯೆ ಮೇಸ್ತ್ರಿ, ಆ ಕಡೆ ನಾನು. ಮೇಸ್ತ್ರಿ ಕಣ್ಣು ಮುಚ್ಚಿ ಒಂದು ಕೈ ಗೇರ್ ಲಿವರ್ ಮೇಲೆ, ಇನ್ನೊಂದು ಕೈ ಸೀಟಿನ ಕೆಳಗಿನ ತಗಡಿನ ಮೇಲೆ ಇಟ್ಕೊಂಡು ಕೂತಿದ್ರು. ಅರಕಲಗೂಡು ರಸ್ತೆಯಲ್ಲಿ ಹಿಂದೆ ಮುಂದೆ ಯಾರೂ ಇಲ್ಲದ ಒಂದು ಸಮತಟ್ಟು ಜಾಗದಲ್ಲಿ, ಐವತ್ತರ ವೇಗದಲ್ಲಿ, "ನ್ಯೂಟ್ರಲ್ ಮಾಡು" ಅಂದ್ರು. ಇಂಜಿನ್ ಶಬ್ದ ಇಳೀತು. ಆದ್ರೆ ಕೆಳಗಿಂದ ಬರ್ತಿದ್ದ ಗುಂಯ್ ಅನ್ನೋ ಮೊರೆತ ಇಳೀಲಿಲ್ಲ. ಗಾಡಿ ನಿಧಾನ ಆದ ಹಾಗೆ ಅದೂ ನಿಧಾನ ಆಯ್ತು.

ನನಗೆ ಇಡೀ ದಿನದಲ್ಲಿ ಅತಿ ಇಷ್ಟವಾಗಿದ್ದು ಈ ಪರೀಕ್ಷೆ. ಶಬ್ದ ಯಾರ ಜೊತೆ ಏರಿಳಿಯುತ್ತೆ ಅನ್ನೋದೇ ಪ್ರಶ್ನೆ. ಇಂಜಿನ್ ಆರ್‌ಪಿಎಂ ಜೊತೆಗಾ, ಚಕ್ರದ ವೇಗದ ಜೊತೆಗಾ? ನ್ಯೂಟ್ರಲ್ ಮಾಡಿದ ಕ್ಷಣ ಆ ಎರಡಕ್ಕೂ ಸಂಬಂಧ ಕಡಿದು ಹೋಗುತ್ತೆ, ಶಬ್ದ ಯಾವ ಕಡೆಯವನು ಅಂತ ತಾನೇ ಹೇಳುತ್ತೆ. ಇಲ್ಲಿ ಶಬ್ದ ಚಕ್ರದ ಕಡೆಯದು. ಅಂದ್ರೆ ಪ್ರೊಪೆಲ್ಲರ್ ಶಾಫ್ಟು, ಡಿಫರೆನ್ಷಿಯಲ್, ಇಲ್ಲಾ ಚಕ್ರದ ಬೇರಿಂಗು. ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಕೂಗಿದ್ರೆ ಡಿಫರೆನ್ಷಿಯಲ್ಲಿನ ಕ್ರೌನ್ ಪಿನಿಯನ್ ಮೇಲೆ ಅನುಮಾನ ಪಡಬೇಕಿತ್ತು, ಹಾಗೇನೂ ಇರಲಿಲ್ಲ.

ಶೆಡ್ಡಿಗೆ ವಾಪಸ್ ಬಂದು ನಾನು ಮತ್ತೆ ಕೆಳಗೆ. ಈ ಗಾಡಿಯ ಪ್ರೊಪೆಲ್ಲರ್ ಶಾಫ್ಟು ಎರಡು ತುಂಡು, ಮಧ್ಯೆ ಚಾಸಿಗೆ ನೇತುಹಾಕಿದ ಸೆಂಟರ್ ಬೇರಿಂಗ್. ಅದರ ಸುತ್ತ ಇರೋ ರಬ್ಬರ್ ಹರಿದು ಜೋತು ಬಿದ್ದಿತ್ತು. ಕೈಯಲ್ಲಿ ಎತ್ತಿದ್ರೆ ಶಾಫ್ಟು ಒಂದು ಬೆರಳಿನಷ್ಟು ಮೇಲೆ ಬರೋದು. ಹಿಂದಿನ ಯೂನಿವರ್ಸಲ್ ಜಾಯಿಂಟ್ ಕ್ರಾಸಿನ ಟೋಪಿ ಸುತ್ತ ಕುಂಕುಮದಂಥ ಕೆಂಪು ಪುಡಿ. ಗ್ರೀಸ್ ಒಣಗಿ ಒಳಗಿನ ಸೂಜಿ ಬೇರಿಂಗುಗಳು ಕಬ್ಬಿಣವನ್ನೇ ಅರೀತಿವೆ ಅಂತ ಅರ್ಥ.

ಕೈನೆಮ್ಯಾಟಿಕ್ಸ್‌ನಲ್ಲಿ ಹುಕ್ಸ್ ಜಾಯಿಂಟ್ ಲೆಕ್ಕ ಮಾಡಿದ್ದೀವಲ್ಲ, ನೆನಪಿದೆಯಾ? ಒಳಗೆ ಬರೋ ವೇಗ ಒಂದೇ ಸಮ ಇದ್ರೂ ಹೊರಗೆ ಹೋಗೋ ವೇಗ ಪ್ರತಿ ಸುತ್ತಿಗೆ ಎರಡು ಸಲ ಏರಿ ಇಳಿಯುತ್ತೆ, ಕಾಸ್ ಆಲ್ಫಾದಿಂದ ಒನ್ ಬೈ ಕಾಸ್ ಆಲ್ಫಾವರೆಗೆ. 15 ಡಿಗ್ರಿ ಕೋನ ಅಂದ್ರೆ ಸುಮಾರು ಮೂರೂವರೆ ಪರ್ಸೆಂಟ್ ಮೇಲೆ, ಮೂರೂವರೆ ಕೆಳಗೆ. ಎರಡು ಜಾಯಿಂಟುಗಳ ಕೋನ ಸರಿಯಾಗಿ ಹೊಂದಿದ್ರೆ ಒಂದರ ಏರಿಳಿತವನ್ನ ಇನ್ನೊಂದು ಹೊಡೆದು ಹಾಕುತ್ತೆ. ಸೆಂಟರ್ ಬೇರಿಂಗ್ ಜೋತು ಬಿದ್ದ ಮೇಲೆ ಆ ಹೊಂದಾಣಿಕೆ ಎಲ್ಲಿಂದ ಬರಬೇಕು? ಮೇಲಿಂದ ಎರಡು ಟನ್ ಆಲೂಗಡ್ಡೆ ಹೇರಿದಾಗ ಪಟ್ಟಿ ಬಗ್ಗಿ ಹಿಂದಿನ ಆಕ್ಸಲ್ಲಿಗೂ ಚಾಸಿಗೂ ನಡುವಿನ ಅಂತರ ಬದಲಾಗುತ್ತೆ, ಕೋನವೂ ಬದಲಾಗುತ್ತೆ. ಫಸ್ಟ್ ಗೇರಿನಲ್ಲಿ ಎತ್ತುವಾಗ ಶಾಫ್ಟಿನ ಮೇಲೆ ಟಾರ್ಕ್ ಅತಿ ಹೆಚ್ಚು. ಹಾಗಾಗಿ ಖಾಲಿ ಗಾಡಿ ಸುಮ್ಮನೆ, ಲೋಡ್ ಗಾಡಿ ಗಡಗಡ. ಹತ್ತು ಮಾರ್ಕ್ಸಿನ ಆ ಡೆರಿವೇಶನ್ ನನ್ನ ತಲೆ ಮೇಲೆ ಗ್ರೀಸ್ ಉದುರಿಸ್ತಾ ಇತ್ತು.

ಮೂರನೇ ದೂರು ಸೆಕೆಂಡ್ ಗೇರಿನ ಕರ್ರ್. ಕ್ಲಚ್ ಬಿಡ್ತಿಲ್ಲ ಅನ್ನೋದೊಂದೇ ಕಾರಣ ಆಗಿದ್ರೆ ಸ್ಲೇವ್ ಸಿಲಿಂಡರ್ ಬದಲಿಸಿ ಗಾಳಿ ತೆಗೆದ ಮೇಲೆ ಅದೂ ಹೋಗಬೇಕಿತ್ತು. ಬೇರೆ ಗೇರುಗಳದ್ದು ಹೋಯ್ತು. ಸೆಕೆಂಡಿನದ್ದು ಕಡಿಮೆ ಆಯ್ತು, ಹೋಗಲಿಲ್ಲ. ಅದರಲ್ಲೂ ಮೂರರಿಂದ ಎರಡಕ್ಕೆ ಇಳಿಸುವಾಗ. ಮೇಸ್ತ್ರಿ ಗೇರ್ ಆಯಿಲ್ ಬಿಸಿ ಇರುವಾಗಲೇ ಹಳೇ ಬಾಣಲಿಗೆ ಇಳಿಸಿ, ಒಂದಿಷ್ಟನ್ನ ಅಂಗೈಗೆ ಹಾಕ್ಕೊಂಡು ಬಿಸಿಲಿಗೆ ಹಿಡಿದ್ರು. ಹೊಳೆಯೋ ಚಿನ್ನದ ಬಣ್ಣದ ಪುಡಿ. "ಪಿತ್ತಾಳೆ. ರಿಂಗು ಸವೆದದೆ." ಸಿಂಕ್ರೋನೈಸರ್ ರಿಂಗ್ ಹಿತ್ತಾಳೆಯ ಮಿಶ್ರಲೋಹದ್ದು, ಗೇರಿನ ಕೋನ್ ಮೇಲೆ ಉಜ್ಜಿ ಎರಡರ ವೇಗ ಸಮ ಮಾಡೋದೇ ಅದರ ಕೆಲಸ, ಹಾಗಾಗಿ ಸವೆಯೋದೂ ಅದೇ. ಆಮೇಲೆ ಡ್ರೈನ್ ಪ್ಲಗ್ಗಿನ ಆಯಸ್ಕಾಂತ ನೋಡಿದ್ವಿ. ಬೂದು ಬಣ್ಣದ ನುಣುಪು ಕೆಸರು ಇತ್ತು, ಇದು ಎಲ್ಲಾ ಗೇರ್ ಬಾಕ್ಸಿನಲ್ಲೂ ಇರುತ್ತೆ. ಕಬ್ಬಿಣದ ಚೂರು, ಹಲ್ಲಿನ ತುಂಡು ಒಂದೂ ಇರಲಿಲ್ಲ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲ, ಅಂದ್ರೆ ನೀರು ಸೇರಿಲ್ಲ.

ಹಾಗಾದ್ರೆ ಗ್ಯಾರೇಜಿನವರು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಗೇರ್ ಬಾಕ್ಸಿನಲ್ಲಿ ಒಂದು ರಿಂಗ್ ನಿಜವಾಗಿ ಸವೆದಿತ್ತು. ಆದ್ರೆ ಅವರು 45,000 ಖರ್ಚು ಮಾಡಿಸಿ ಗೇರ್ ಬಾಕ್ಸ್ ಹೊಸದು ಮಾಡಿ ಕೊಟ್ಟಿದ್ರೂ ಲೋಡ್ ಎತ್ತುವಾಗಿನ ನಡುಕ ಹಾಗೇ ಇರ್ತಿತ್ತು, ಸ್ಲೇವ್ ಸಿಲಿಂಡರ್ ಸೋರ್ತಾನೇ ಇರ್ತಿತ್ತು. ಮಾವ ಆಗ ಗಾಡಿಗೆ ದೆವ್ವ ಹಿಡಿದಿದೆ ಅಂತ ಒಂದು ಲಕ್ಷಕ್ಕೇ ಕೊಟ್ಟು ಬಿಡ್ತಿದ್ರು, ನನಗೆ ಅವರು ಗೊತ್ತು.

ರಿಂಗ್ ಏನು ಮಾಡೋದು ಅಂತ ಶೆಡ್ಡಿನಲ್ಲಿ ಒಂದು ಗಂಟೆ ಚರ್ಚೆ. ಬಿಚ್ಚಿದ್ರೆ ಸೀಸನ್ ಹೋಗುತ್ತೆ. ಮೇಸ್ತ್ರಿ, "ಆಲೂಗಡ್ಡೆ ಮುಗೀಲಿ. ಅಲ್ಲಿವರ್ಗೂ ಡಬಲ್ ಕ್ಲಚ್ ಹೊಡ್ಕೊಂಡು ಓಡ್ಸು" ಅಂದ್ರು. ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಸ್ವಲ್ಪ ಆಕ್ಸಿಲರೇಟರ್, ಮತ್ತೆ ಕ್ಲಚ್ ಒತ್ತಿ ಸೆಕೆಂಡ್. ರಿಂಗ್ ಮಾಡಬೇಕಾದ ಕೆಲಸವನ್ನ ಡ್ರೈವರ್ ಕಾಲಿನಲ್ಲಿ ಮಾಡೋದು. ಸಿಂಕ್ರೋಮೆಶ್ ಇಲ್ಲದ ಕಾಲದ ಲಾರಿ ಡ್ರೈವರುಗಳಿಗೆ ಇದು ಉಸಿರಾಡೋಷ್ಟು ಸಲೀಸು. ಮಾವ ಎರಡೇ ದಿನದಲ್ಲಿ ಕಲಿತರು.

ಬಿಲ್ಲು ನಾನೇ ಬರೆದದ್ದು, ಮೇಸ್ತ್ರಿಗೆ ಕನ್ನಡಕ ಸಿಗಲಿಲ್ಲ ಅಂತ. ಸ್ಲೇವ್ ಸಿಲಿಂಡರ್ 1,250, ಕ್ಲಚ್ ಆಯಿಲ್ 180, ಸೆಂಟರ್ ಬೇರಿಂಗ್ 1,450, ಕ್ರಾಸ್ ಎರಡು 1,300, ಗೇರ್ ಆಯಿಲ್ 1,020, ಕೂಲಿ 1,800. ಒಟ್ಟು 7,000. ಒಂದೂವರೆ ದಿನ. ಮಾರನೇ ದಿನ ಬೆಳಗ್ಗೆ ನಾಲ್ಕಕ್ಕೆ ಮಾವ ಎಪಿಎಂಸಿಗೆ ಹೊರಟರು. ಬ್ರೋಕರ್ ಫೋನ್ ಮಾಡಿದಾಗ ಅತ್ತೆ ಎತ್ತಿ, "ಅವ್ರು ಬಾಡಿಗೆಗೆ ಹೋಗವ್ರೆ" ಅಂತಷ್ಟೇ ಹೇಳಿ ಇಟ್ಟರು.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದ್ರೆ ಮುಂದಿನ ರಜೆಯಲ್ಲಿ ಅದೇ ಶೆಡ್ಡಿಗೆ ಬಂದ ಇನ್ನೊಂದು ಗಾಡಿ ಬಗ್ಗೆ ಬರೆಯದೇ ಇರೋಕೆ ಆಗ್ತಿಲ್ಲ.

ಚನ್ನರಾಯಪಟ್ಟಣ ಕಡೆಯ ಒಬ್ಬ ತೆಂಗಿನ ವ್ಯಾಪಾರಿಯ ಪಿಕಪ್. ಬಾಡಿಗೆ ಗಾಡಿಯಲ್ಲ, ಹಿಂದೆ ನಾಲ್ಕು ಬಾಗಿಲಿನ ಕ್ಯಾಬಿನ್ ಇರೋ ಶೋಕಿ ಪಿಕಪ್, ಸೆಕೆಂಡ್ ಹ್ಯಾಂಡ್, ಆಟೋಮ್ಯಾಟಿಕ್. ನಮ್ಮ ಕಡೆ ಇಂಥದ್ದು ಅಪರೂಪ. ಬೆಳಗ್ಗೆ ಡಿಗೆ ಹಾಕಿದ್ರೆ ಎರಡು ಮೂರು ಸೆಕೆಂಡ್ ಸುಮ್ಮನಿದ್ದು ಆಮೇಲೆ ಧಡ್ ಅಂತ ಹಿಡಿಯುತ್ತೆ. ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಇಂಜಿನ್ ಒಂದು ಕ್ಷಣ ಅನಾಥವಾಗಿ ಮೇಲಕ್ಕೆ ಕೂಗುತ್ತೆ. ಡ್ಯಾಶ್‌ಬೋರ್ಡಿನಲ್ಲಿ ದೀಪ. ಮೇಸ್ತ್ರಿ ನನಗೆ ಫೋನ್ ಮಾಡಿಸಿದ್ರು. ಕ್ಲಚ್ ಪೆಡಲ್ಲೇ ಇಲ್ಲದ ಗಾಡಿ ಮುಂದೆ ಅವರು ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿದ್ರು. "ಇದಕ್ಕೆ ನಾಡಿ ಎಲ್ಲಿ ಹಿಡಿಯೋದು?"

ನಾಡಿ ಆಯಿಲಿನಲ್ಲೇ. ಮ್ಯಾನ್ಯುವಲ್ ಗೇರ್ ಬಾಕ್ಸಿನಲ್ಲಿ ಆಯಿಲ್ ಅಂದ್ರೆ ಜಿಡ್ಡು ಅಷ್ಟೇ. ಆಟೋಮ್ಯಾಟಿಕ್‌ನಲ್ಲಿ ಶಕ್ತಿ ದಾಟಿಸೋದೂ ಅದೇ, ಒಳಗಿನ ಕ್ಲಚ್ಚುಗಳನ್ನ ಒತ್ತಿ ಹಿಡಿಯೋದೂ ಅದೇ, ತಂಪು ಮಾಡೋದೂ ಅದೇ. ಇಂಜಿನ್ ಒಂದು ಪಂಪನ್ನ ತಿರುಗಿಸುತ್ತೆ, ಆಯಿಲ್ ಹೋಗಿ ಎದುರಿನ ಟರ್ಬೈನಿಗೆ ಹೊಡೆಯುತ್ತೆ, ನಡುವೆ ಸ್ಟೇಟರ್ ಅದನ್ನ ತಿರುಗಿಸಿ ಕಳಿಸುತ್ತೆ. ಇದು ಟಾರ್ಕ್ ಕನ್ವರ್ಟರ್. ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದಾಗ ತಲೆಯಲ್ಲಿದ್ದದ್ದು ಹಡಗು, ಕಾರಲ್ಲ. ಅದರ ಹಿಂದೆ ಎಪಿಸೈಕ್ಲಿಕ್ ಗೇರುಗಳು. ಸನ್, ಪ್ಲಾನೆಟ್, ರಿಂಗ್ ಅಂತ ಟೇಬಲ್ ಹಾಕಿ ಲೆಕ್ಕ ಮಾಡ್ತೀವಲ್ಲ, ಅದರಲ್ಲಿ "ರಿಂಗ್ ಗೇರ್ ಸ್ಥಿರವಾಗಿದ್ದರೆ" ಅಂತ ಒಂದು ಸಾಲು ಬರುತ್ತೆ. ಹಾಗೆ ಸ್ಥಿರವಾಗಿ ಹಿಡಿಯೋದು ಯಾರು? ಆಯಿಲಿನ ಒತ್ತಡದಲ್ಲಿ ಮುಚ್ಚಿಕೊಳ್ಳೋ ಕ್ಲಚ್ ಪ್ಲೇಟುಗಳು. ಒತ್ತಡ ಕಡಿಮೆ ಆದ್ರೆ ಹಿಡಿತ ತಡ, ಹಿಡಿತ ಜಾರು. ಡಿಗೆ ಹಾಕಿದ ಮೇಲಿನ ಆ ಮೂರು ಸೆಕೆಂಡ್ ಮೌನಕ್ಕೆ ಮೊದಲ ಅನುಮಾನ ಆಯಿಲ್ ಮಟ್ಟ.

ಸ್ನೇಹಿತನ ಅಂಗಡಿಯಿಂದ ಸ್ಕ್ಯಾನರ್ ತಂದಿದ್ದೆ. ಇಂಜಿನ್ ಕಂಪ್ಯೂಟರ್ ಪಿ0700 ಅಂತ ತೋರಿಸ್ತು. ಈ ಕೋಡಿನ ಅರ್ಥ "ಟ್ರಾನ್ಸ್‌ಮಿಶನ್ ಕಡೆ ಏನೋ ತೊಂದರೆ ಇದೆ, ಅಲ್ಲೇ ಕೇಳಿ" ಅಂತ ಅಷ್ಟೇ. ನಮ್ಮ ನೋಟಿಸ್ ಬೋರ್ಡಿನ "ಹೆಚ್ಚಿನ ವಿವರಗಳಿಗೆ ಕಚೇರಿಯನ್ನು ಸಂಪರ್ಕಿಸಿ" ಇದ್ದ ಹಾಗೆ. ಕೆಲವರು ಇಷ್ಟು ನೋಡಿ ಗೇರ್ ಬಾಕ್ಸ್ ಇಳಿಸಿಯೇ ಬಿಡ್ತಾರೆ. ಟ್ರಾನ್ಸ್‌ಮಿಶನ್ ಕಂಪ್ಯೂಟರನ್ನೇ ಕೇಳಿದಾಗ ಗೇರ್ ಅನುಪಾತ ಹೊಂದ್ತಿಲ್ಲ ಅನ್ನೋ ದೂರು ಸಿಕ್ತು: ಒಳಗೆ ಹೋಗೋ ವೇಗಕ್ಕೂ ಹೊರಗೆ ಬರೋ ವೇಗಕ್ಕೂ ಲೆಕ್ಕ ಕೂಡ್ತಿಲ್ಲ, ಎಲ್ಲೋ ಜಾರ್ತಿದೆ. ಯಾಕೆ ಜಾರ್ತಿದೆ ಅಂತ ಕಂಪ್ಯೂಟರ್ ಹೇಳಲ್ಲ. ಅದಕ್ಕೆ ಮತ್ತೆ ಕೆಳಗೆ ಮಲಗಬೇಕು.

ಈ ಗಾಡಿಗೆ ಡಿಪ್‌ಸ್ಟಿಕ್ಕೇ ಇಲ್ಲ. ಇಂಜಿನ್ ಓಡ್ತಿರಬೇಕು, ಗಾಡಿ ಸಮತಟ್ಟಾಗಿ ನಿಂತಿರಬೇಕು, ಆಯಿಲ್ ಉಷ್ಣತೆ ಕಂಪನಿ ಹೇಳಿದಷ್ಟಕ್ಕೆ ಬಂದಾಗ ಪಕ್ಕದ ಪ್ಲಗ್ ಬಿಚ್ಚಬೇಕು. ಸಣ್ಣಗೆ ಹನಿದ್ರೆ ಮಟ್ಟ ಸರಿ ಅಂತ. ಉಷ್ಣತೆ ಸ್ಕ್ಯಾನರಿನಲ್ಲಿ ನೋಡ್ತಾ ನಾನು ಹೇಳಿದೆ, ಮೇಸ್ತ್ರಿಯ ಹುಡುಗ ಬಿಚ್ಚಿದ. ಒಂದು ಹನಿಯೂ ಇಲ್ಲ. ಒಂದು ಲೀಟರಿಗಿಂತ ಹೆಚ್ಚು ತುಂಬಿದ ಮೇಲೆ ಹನೀತು. ಮೇಸ್ತ್ರಿ ಮಾವನ ಕಡೆ ತಿರುಗಿ, "ಇಲ್ಲೂ ಅದೇ ಪ್ರಶ್ನೆ. ಆಯಿಲ್ ಎಲ್ಲಿಗೆ ಹೋಯ್ತು?" ಅಂದ್ರು. ಮುಂದೆ ರೇಡಿಯೇಟರ್ ಹತ್ತಿರ ಕೂಲರ್ ಪೈಪಿನ ರಬ್ಬರ್ ಹೋಸು ಕ್ಲಿಪ್ಪಿನ ಬಳಿ ಬೆವರ್ತಿತ್ತು.

ಆಯಿಲ್ ಬಣ್ಣ ಮಾತ್ರ ಒಳ್ಳೇ ಸುದ್ದಿಯಲ್ಲ. ಕೆಂಪಗೆ ಇರಬೇಕಾದದ್ದು ಕಾಫಿ ಡಿಕಾಕ್ಷನ್ ಥರ, ಮೂಸಿದ್ರೆ ಸುಟ್ಟ ವಾಸನೆ. ಕ್ಲಚ್ ಪ್ಲೇಟಿನ ಮೇಲಿನ ಪದರ ಬೆಂದು ಆಯಿಲಿಗೆ ಸೇರಿದೆ. ನಾನು ಸ್ಟಾಲ್ ಟೆಸ್ಟ್ ಬಗ್ಗೆ ಹೇಳಿದೆ: ಬ್ರೇಕ್ ಗಟ್ಟಿಯಾಗಿ ಒತ್ತಿ, ಡಿಯಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು, ಐದು ಸೆಕೆಂಡಿಗಿಂತ ಮುಂದೆ ಹೋಗದೆ, ಇಂಜಿನ್ ಎಷ್ಟು ಆರ್‌ಪಿಎಂನಲ್ಲಿ ನಿಲ್ಲುತ್ತೆ ಅಂತ ನೋಡೋದು. ಹೇಳಿದ್ದಕ್ಕಿಂತ ಹೆಚ್ಚಾದ್ರೆ ಒಳಗೆ ಕ್ಲಚ್ ಜಾರ್ತಿದೆ. ಕಡಿಮೆ ಆದ್ರೆ ಇಂಜಿನ್ನಿಗೆ ಶಕ್ತಿ ಇಲ್ಲ, ಇಲ್ಲಾ ಕನ್ವರ್ಟರಿನ ಸ್ಟೇಟರ್ ಕೆಟ್ಟಿದೆ. ಮೇಸ್ತ್ರಿ ಕೇಳಿಸ್ಕೊಂಡು, "ಜಾರ್ತಿದೆ ಅಂತ ನಿನ್ನ ಮಿಷಿನ್ನೇ ಹೇಳಿಯಾಯ್ತು. ಸುಟ್ಟಿರೋದಕ್ಕೆ ಮತ್ತೆ ಯಾಕೆ ಬೆಂಕಿ ಇಡೋದು?" ಅಂದ್ರು. ಪುಸ್ತಕದಲ್ಲಿರೋ ಟೆಸ್ಟನ್ನ ಮಾಡದೇ ಇರೋದೂ ಒಂದು ತೀರ್ಮಾನ. ಹೊಸ ವಿಷಯ ಏನೂ ತಿಳಿಯದ ಪರೀಕ್ಷೆಗೆ ಗಾಡಿ ಮಾಲೀಕ ಯಾಕೆ ಬೆಲೆ ಕೊಡಬೇಕು?

ಹೋಸ್ ಬದಲಿಸಿ, ಹೊಂದೋ ದರ್ಜೆಯ ಆಯಿಲನ್ನೇ ಹಾಸನದಿಂದ ತರಿಸಿ, ಇಳಿಸಿ ತುಂಬಿದ್ವಿ. ಒಂದ್ಸಲಕ್ಕೆ ಪೂರ್ತಿ ಬರಲ್ಲ, ಕನ್ವರ್ಟರ್ ಒಳಗೆ ಬೇಕಾದಷ್ಟು ಉಳಿಯುತ್ತೆ. ಸಾವಿರ ಕಿಲೋಮೀಟರ್ ಓಡಿಸಿ ಮತ್ತೆ ಬನ್ನಿ ಅಂದ್ರು. ಡಿಗೆ ಹಾಕಿದ್ರೆ ತಡ ಆಗೋದು ಅವತ್ತೇ ನಿಂತಿತು. ಎರಡರಿಂದ ಮೂರಕ್ಕೆ ಕೂಗೋದು ಕಡಿಮೆ ಆಗಿದೆ, ಹೋಗಿಲ್ಲ. ಒಳಗಿನ ಒಂದು ಕ್ಲಚ್ ಪ್ಯಾಕ್ ಅರ್ಧ ಆಯಸ್ಸು ಕಳ್ಕೊಂಡಿದೆ, ಲೋಡ್ ಎಳೀಬೇಡಿ, ದುಡ್ಡು ಕೂಡಿಡಿ ಅಂತ ಮೇಸ್ತ್ರಿ ನೇರವಾಗಿ ಹೇಳಿದ್ರು. ಮಾಲೀಕರಿಗೆ ಖುಷಿಯಾಗಲಿಲ್ಲ. ಅವರಿಗೆ ಬೇಕಿದ್ದದ್ದು "ಸರಿ ಹೋಯ್ತು" ಅನ್ನೋ ಮಾತು.

ಗಾಡಿ ಹೊರಡೋ ಮುಂಚೆ ಮಾವ ಅದರ ಡ್ರೈವರ್ ಸೀಟಲ್ಲಿ ಒಂದ್ಸಲ ಕೂತು ನೋಡಿದ್ರು. ಎಡಗಾಲು ಅಭ್ಯಾಸಕ್ಕೆ ಖಾಲಿ ಜಾಗವನ್ನ ಹುಡುಕ್ತಿತ್ತು. "ಇದ್ರಲ್ಲಿ ಈ ಕಾಲಿಗೆ ಏನು ಕೆಲ್ಸ ಅಳಿಮಯ್ಯ?" ಅಂತ ಕೇಳಿ ಇಳಿದ್ರು.

ಅವರ ಪಿಕಪ್ ಆಲೂಗಡ್ಡೆ ಮುಗಿಸಿ, ತಂಬಾಕಿನ ಬೇಲುಗಳಿಗೂ ಓಡ್ತು. ಬೆಂಗಳೂರಿನ ಕ್ಯಾಬ್ ಕೆಲಸಕ್ಕೆ ಊರಿನ ಬೇರೆ ಹುಡುಗ ಹೋದ. ಸೆಕೆಂಡ್ ಗೇರು ಈಗ ಡಬಲ್ ಕ್ಲಚ್ಚಿಗೂ ಕೆಲವೊಮ್ಮೆ ಮುನಿಸ್ಕೊಳ್ತಿದೆ. ಸಿಂಕ್ರೋ ರಿಂಗು ಎರಡು ಸಾವಿರದೊಳಗೆ ಸಿಗುತ್ತೆ, ಬಿಚ್ಚಿದ ಮೇಲೆ ಬೇರಿಂಗುಗಳನ್ನೂ ನೋಡಿ ಬೇಕಿದ್ರೆ ಹಾಕೋದು, ಎರಡು ದಿನದ ಕೆಲಸ ಅಂದಿದ್ದಾರೆ ಮೇಸ್ತ್ರಿ. ಅತ್ತೆ ಹಾಲಿನ ದುಡ್ಡಲ್ಲಿ ಅದಕ್ಕೆ ಅಂತಲೇ 12,000 ಬೇರೆ ಇಟ್ಟಿದ್ದಾರೆ. ಯುಗಾದಿ ಕಳೆದ ಮೊದಲ ಶನಿವಾರ ಗೇರ್ ಬಾಕ್ಸ್ ಇಳಿಸೋದು. ಬಣ್ಣ ಬಳಿಯದ, ಕತ್ತರಿಸದ ಗೇರ್ ಬಾಕ್ಸಿನ ಒಳಗೆ ನೋಡೋಕೆ ಇಷ್ಟ ಇರೋರು ನನಗೆ ಹೇಳಿ. ಹಾಸನದಿಂದ ಬೆಳಗಿನ ಮೈಸೂರು ಪ್ಯಾಸೆಂಜರ್ ಹತ್ತಿದ್ರೆ ಹೊಳೆನರಸೀಪುರದಲ್ಲಿ ಇಳೀಬಹುದು. ಹಳೇ ಬಟ್ಟೆ ಹಾಕ್ಕೊಂಡು ಬನ್ನಿ.